ಹಸಿರು ರವಿಕೆ

ಬಟ್ಟೆ ವ್ಯಾಪಾರದ ಒಂದು ಕಂಪನಿ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡುತ್ತಿದ್ದವರು ಚನ್ನಮಲ್ಲಪ್ಪ. ಆಯುಷ್ಯವನ್ನೆಲ್ಲ ಅಂಗಡಿಯಲ್ಲೇ ಸವೆಸಿದವರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

ಆ ಸಲ ಸೇರಿದವರಲ್ಲಿ ನಾಗವೇಣಿ ಎಂಬ ಹುಡುಗಿ ಬಲು ಚುರುಕು. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು.

ಒಂದು ದಿನ ಅವಳು ಕೇಳಿದಳು: "ಮೇಷ್ಟ್ರೇ, ಅಂಗಡಿಗೆ ಬಂದವರಲ್ಲಿ ಕಳ್ಳರು ಯಾರು ಅಂತ ತಿಳಿಯೋದು ಹೇಗೆ?"

"ಕೈ ನೋಡಬೇಕು," ಎಂದರು ಮೇಷ್ಟ್ರು. "ಬಾಯಿ ಸುಳ್ಳು ಹೇಳುತ್ತೆ. ಕೈ ಹೇಳಲ್ಲ."

ಆ ಮಾತು ಅವಳಿಗೆ ಬಹಳ ಹಿಡಿಸಿತು.

ತರಬೇತಿ ಮುಗಿಯಿತು. ಅವಳನ್ನು ಸೀರೆ ವಿಭಾಗಕ್ಕೆ ಹಾಕಿದರು.

ಅಲ್ಲಿಗೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಹಸಿರು ಸೀರೆಯೊಂದರ ಸೆರಗು ಹಿಡಿದು ನೋಡಿದಳು, ಬಿಟ್ಟಳು, ಮತ್ತೆ ಹಿಡಿದಳು. ನಡುನಡುವೆ ಅವಳ ಕೈ ತನ್ನ ಚೀಲದೊಳಗೆ ಹೋಗಿ ಬರುತ್ತಿತ್ತು. ಕೊನೆಗೆ ಏನೂ ಕೊಳ್ಳದೆ ಹೊರಟಳು.

ನಾಗವೇಣಿ ಬಾಗಿಲಿಗೆ ಅಡ್ಡ ನಿಂತಳು. ಜನರೆದುರೇ ಚೀಲ ಬಿಚ್ಚಿಸಿದಳು.

ಒಳಗಿದ್ದದ್ದು ಒಂದು ಹಳೆಯ ಹಸಿರು ರವಿಕೆ. ಕಂಕುಳ ಬಳಿ ತೇಪೆ ಹಾಕಿತ್ತು. ಅದನ್ನು ನಾಲ್ಕು ಜನರ ಮುಂದೆ ತೆಗೆಯಲು ನಾಚಿ, ಚೀಲದ ಬಾಯಲ್ಲೇ ಹಿಡಿದು, ಸೀರೆಯ ಬಣ್ಣ ಹೊಂದುತ್ತದೆಯೇ ಎಂದು ಆಕೆ ನೋಡುತ್ತಿದ್ದಳು.

ಯಾರೋ ಕಿಸಕ್ಕನೆ ನಕ್ಕರು.

ಆಕೆ ತಲೆ ತಗ್ಗಿಸಿ ರವಿಕೆಯನ್ನು ಮಡಚಿಕೊಂಡು ಹೊರಟುಹೋದಳು.

ನಾಗವೇಣಿ ಮಹಡಿಯಲ್ಲಿದ್ದ ಮೇಷ್ಟ್ರ ಬಳಿಗೆ ಓಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ರವಿಕೆ ನೋಡಿದ ಮೇಲೆ ಏನಂದೆ?"

"ಹೋಗಿ ಅಂದೆ. ಬೇರೆ ಮಾತೇ ಬರಲಿಲ್ಲ."

ಮೇಷ್ಟ್ರು ಚಪ್ಪಲಿ ಮೆಟ್ಟಿದರು. "ನಡಿ."

ಆಕೆ ಬಸ್ ನಿಲ್ದಾಣದ ಕಡೆ ಹೋದಳೆಂದು ಕಾವಲುಗಾರ ಹೇಳಿದ. ಇಬ್ಬರೂ ಅತ್ತ ಧಾವಿಸಿದರು.

ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಚೀಲ ಹಿಡಿದ ಹೆಂಗಸರು.

"ಯಾರು, ತೋರಿಸು."

ನಾಗವೇಣಿ ಬೆಂಚುಗಳ ನಡುವೆ ಸುತ್ತಿದಳು. ಬಸ್ಸುಗಳ ಕಿಟಕಿಗಳಲ್ಲಿ ಇಣುಕಿದಳು. ಬರಿಗೈಯಲ್ಲಿ ವಾಪಸು ಬಂದಳು.

"ಗುರುತು ಹತ್ತುತ್ತಿಲ್ಲ ಮೇಷ್ಟ್ರೇ. ನಾನು ಆಕೆಯ ಮುಖ ನೋಡಲೇ ಇಲ್ಲ."

ಮೇಷ್ಟ್ರು ಅಲ್ಲೇ ಕಟ್ಟೆಯ ಮೇಲೆ ಕುಳಿತರು.

"ನೋಡು ಅಂತ ನಾನೂ ಹೇಳಲಿಲ್ಲ," ಎಂದರು.

ಬಸ್ಸುಗಳು ಒಂದೊಂದಾಗಿ ಹೊರಟವು. ಪ್ರತಿ ಬಸ್ಸಿಗೂ ನಾಗವೇಣಿ ಎರಡು ಹೆಜ್ಜೆ ಮುಂದೆ ಹೋಗುವಳು, ನಿಲ್ಲುವಳು.

"ಈಗ ಯಾರ ಹತ್ತಿರ ಕ್ಷಮೆ ಕೇಳಲಿ, ಮೇಷ್ಟ್ರೇ?"

ಮೇಷ್ಟ್ರು ಆ ಜನಜಂಗುಳಿಯನ್ನೇ ನೋಡುತ್ತಿದ್ದರು.

"ಇವರಲ್ಲಿ ಯಾರು ಬೇಕಾದರೂ ಆಕೆಯಾಗಿರಬಹುದು ತಾಯಿ. ನಾಳೆ ಅಂಗಡಿ ಬಾಗಿಲು ತೆಗೀತಾರಲ್ಲ, ಆಗ ಬರುವವರಲ್ಲೂ."