ಹೊಳೆಯುವ ಬೂಟಿನ ಗಿರಾಕಿ

“ಅಪ್ಪಾವರೇ, ಯಾವ ಗಿರಾಕಿಯ ಬೆನ್ನು ಹತ್ತಬೇಕೆಂಬುದೇ ನನಗೆ ತಿಳಿಯದಾಗಿದೆ” ಎಂದ ಅಡಿವೆಪ್ಪ.

ಅವನು ಗುರುಗಳ ಹಳೆಯ ಶಿಷ್ಯ. ಜೀಪುಗಳಿಗೆ ಕಂಪನಿಯ ಬಂಪರ್ ತೆಗೆದು ಗಟ್ಟಿ ಕಬ್ಬಿಣದ ಬಂಪರ್ ಕೂರಿಸುವ ಅಂಗಡಿಯನ್ನು ಹೊಸದಾಗಿ ತೆರೆದಿದ್ದ. ಗುಡ್ಡ ಹಳ್ಳಗಳಲ್ಲಿ ಓಡಾಡುವವರು ನೂರು ಪ್ರಶ್ನೆ ಕೇಳುತ್ತಾರೆ, ತಟ್ಟಿ ನೋಡುತ್ತಾರೆ, ಒಮ್ಮೆ ಕೊಂಡರೆ ಮತ್ತೆ ಬರುವುದಿಲ್ಲ. ಪೇಟೆಯ ಶೋಕಿವಂತರು ಬಣ್ಣ ನೋಡಿ ಕೊಂಡುಬಿಡುತ್ತಾರೆ. ಇವರಲ್ಲಿ ಯಾರನ್ನು ನೆಚ್ಚಲಿ ಎಂಬುದು ಅವನ ಚಿಂತೆ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನದೂ ಇದೇ ಕಸುಬು. ಈ ಎರಡು ಬಗೆಯ ಗಿರಾಕಿಗಳಲ್ಲಿ ಯಾರನ್ನೂ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಗುಡ್ಡದವರಿಗೆಂದು ದಪ್ಪ ಕಬ್ಬಿಣದ ಬಂಪರ್ ಮಾಡಿಸಿದ. ಪೇಟೆಯವರಿಗೆಂದು ತೆಳು ತಗಡಿನದು ಮಾಡಿಸಿದ. ಮೇಲಿನ ಕಪ್ಪು ಬಣ್ಣ ಎರಡಕ್ಕೂ ಒಂದೇ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಬಂಪರಿಗೆ ಒಂದು ಕೊಕ್ಕೆ ಇರುತ್ತದೆ. ದಪ್ಪ ಬಂಪರಿನಲ್ಲಿ ಅದನ್ನು ಜೀಪಿನ ಅಡಿಯ ಉಕ್ಕಿನ ಚೌಕಟ್ಟಿಗೇ ಬಿಗಿಯುತ್ತಿದ್ದ. ತೆಳುವಿನದರಲ್ಲಿ ತಗಡಿಗೆ ಬೆಸುಗೆ ಹಾಕಿ ಅಂಟಿಸುತ್ತಿದ್ದ, ಅಷ್ಟೆ. ಪೇಟೆಯವರು ಡಾಂಬರು ಬಿಟ್ಟು ಇಳಿಯುವವರಲ್ಲ, ಅವರಿಗೆ ಕೊಕ್ಕೆ ಕಣ್ಣಿಗೆ ಕಂಡರೆ ಸಾಕು ಎಂಬುದು ಅವನ ಎಣಿಕೆ.

ಅಂಗಡಿಗೆ ಬಂದವರ ಕಾಲು ನೋಡುತ್ತಿದ್ದ. ಕೆಸರು ಮೆತ್ತಿದ ಚಪ್ಪಲಿಯಾದರೆ ದಪ್ಪದ್ದು, ಹೊಳೆಯುವ ಬೂಟಾದರೆ ತೆಳುವಿನದು. ಇದನ್ನು ಜಾಣತನ ಎಂದುಕೊಂಡಿದ್ದ.

ಹೊಳೆಯುವ ಬೂಟಿನವನೊಬ್ಬ ಬಂದ. ಕಚೇರಿಯಲ್ಲಿ ಕೂತು ಕೆಲಸ ಮಾಡುವವನು. ಈ ಕೊಕ್ಕೆಗೆ ಇನ್ನೊಂದು ಗಾಡಿಯನ್ನು ಕಟ್ಟಿ ಎಳೆಯಬಹುದೇ ಎಂದು ಒಂದೇ ಒಂದು ಮಾತು ಕೇಳಿದ. ವ್ಯಾಪಾರಿ ಬೂಟು ನೋಡಿ, ಧಾರಾಳವಾಗಿ ಎಳೆಯಬಹುದು ಎಂದ. ಅವನು ನಂಬಿ ಹೋದ.

ಮಳೆಗಾಲ ಮುಗಿದ ಮೇಲೆ ಅದೇ ಗಿರಾಕಿ ಮರಳಿ ಬಂದ. ಬಂಪರ್ ಸೊಟ್ಟಗಾಗಿತ್ತು. ಕೊಕ್ಕೆಯಿದ್ದ ಜಾಗ ಹರಿದಿತ್ತು. ಗಿರಾಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. ತಲೆ ತಗ್ಗಿಸಿ ನಡೆದದ್ದನ್ನು ಹೇಳಿದ. ತಂಗಿಯ ಊರಿಗೆ ಹೋಗುವಾಗ ಹಳ್ಳದ ದಂಡೆಯಲ್ಲಿ ಒಂದು ಟೆಂಪೊ ಜಾರಿ ನಿಂತಿತ್ತು. ಚಾಲಕ ಒಳಗೇ ಇದ್ದ. ಇವನು ಹಗ್ಗ ಕಟ್ಟಿ ಜೀಪನ್ನು ಹಿಂದಕ್ಕೆ ಓಡಿಸಿದ. ಟೆಂಪೊ ಅರ್ಧ ಮೇಲೆ ಬಂದಾಗ ಕೊಕ್ಕೆ ಕಿತ್ತು ಬಂತು. ಟೆಂಪೊ ಹಳ್ಳಕ್ಕೆ ಉರುಳಿತು. ಚಾಲಕನ ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ.

“ಸಾವುಕಾರರೇ, ಎಳೆಯುವುದು ನನಗೆ ಬರಲಿಲ್ಲ. ನಿಮ್ಮ ಒಳ್ಳೆಯ ಸಾಮಾನನ್ನು ಹಾಳು ಮಾಡಿದೆ, ಒಬ್ಬನ ಕಾಲನ್ನೂ ಕಳೆದೆ. ಹೇಗೆ ಎಳೆಯಬೇಕಿತ್ತು?”

ವ್ಯಾಪಾರಿಯ ನಾಲಿಗೆಯ ತುದಿಯವರೆಗೆ ನಿಜ ಬಂತು. ಅಲ್ಲಿಂದ ಮುಂದೆ ಬರಲಿಲ್ಲ.

“ನಿಧಾನವಾಗಿ ಎಳೆಯಬೇಕಿತ್ತು” ಎಂದ.

ಗಿರಾಕಿ ತಲೆಯಾಡಿಸಿ, ಕೈ ಮುಗಿದು ಹೊರಟುಹೋದ.

ಅವನು ಬೈದಿದ್ದರೆ ಇವನೂ ಬೈದು ಮರೆಯುತ್ತಿದ್ದ. ಮುಗಿದ ಆ ಕೈಗಳನ್ನು ಮರೆಯಲಾಗಲಿಲ್ಲ. ಅಂಗಡಿಗೆ ಯಾರಾದರೂ ಬಂದರೆ ಅವರ ಕಾಲಿನ ಕಡೆ ನೋಡಲು ನಾಚಿ ಗೋಡೆ ನೋಡುತ್ತಿದ್ದ. ಕೊನೆಗೊಂದು ದಿನ ದಾರಿ ಕೇಳಿಕೊಂಡು ಆ ಚಾಲಕನ ಊರಿಗೆ ಹೋದ.

ಚಾಲಕ ಜಗಲಿಯ ಮೇಲೆ ಕುಳಿತಿದ್ದ. ಅಂಗಳದಲ್ಲಿ ಅದೇ ಗಿರಾಕಿ ಬರಿಗಾಲಲ್ಲಿ ಆ ಮನೆಗೆ ನೀರು ಹೊರುತ್ತಿದ್ದ. ರಜೆ ಬಂದಾಗಲೆಲ್ಲ ಬರುತ್ತಿದ್ದನಂತೆ. ನಿನ್ನ ತಪ್ಪಲ್ಲ, ಬಿಡಪ್ಪ ಎಂದು ಚಾಲಕ ಹೇಳುತ್ತಿದ್ದರೂ ಕೇಳುತ್ತಿರಲಿಲ್ಲ.

ವ್ಯಾಪಾರಿ ಬೇಲಿಯಾಚೆ ನಿಂತ. ಯಾರೂ ಅವನನ್ನು ನೋಡಿರಲಿಲ್ಲ. ಹಾಗೆಯೇ ತಿರುಗಿ ಹೋಗಬಹುದಿತ್ತು. ತುಂಬ ಹೊತ್ತು ನಿಂತಿದ್ದು, ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ದಪ್ಪ ಬಂಪರನ್ನೂ ತೆಳು ಬಂಪರನ್ನೂ ಹೇಳಿದ. ಬೂಟು ನೋಡಿ ಮನುಷ್ಯನನ್ನು ಅಳೆದದ್ದನ್ನು ಹೇಳಿದ. ಸುಳ್ಳು ಹೇಳಿ ಕಳಿಸಿದ್ದನ್ನೂ ಹೇಳಿದ.

ಯಾರೂ ಬೈಯಲಿಲ್ಲ. ಗಿರಾಕಿ ಕೊಡವನ್ನು ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಇಷ್ಟು ದಿನ ಅವನು ದೂರಿದ್ದು ಆ ಕೈಗಳನ್ನೇ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತ. ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಚಾಲಕನ ಹೆಂಡತಿ ಒಳಗಿನಿಂದ ಬಂದು, ಇಲ್ಲಿ ನಿಂತು ಅತ್ತರೆ ಏನಾದೀತು, ಉಳಿದ ಜೀಪುಗಳಲ್ಲಿರುವ ಆ ಕೊಕ್ಕೆಗಳನ್ನು ಮೊದಲು ಬಿಚ್ಚಿಸಿ, ನಮ್ಮ ಬಾಗಿಲಿಗೆ ಆಮೇಲೆ ಬನ್ನಿ ಎಂದಳು.

ವ್ಯಾಪಾರಿ ಹೊರಟ. ಪೇಟೆಯ ಮನೆ ಮನೆಗೆ ಹೋಗಿ, ತನ್ನ ಮೋಸವನ್ನು ತಾನೇ ಹೇಳಿಕೊಂಡು, ಒಂದೊಂದನ್ನೇ ಬಿಚ್ಚಿದ. ಕೆಲವರು ನಕ್ಕರು. ಕೆಲವರು ಬಾಗಿಲು ಹಾಕಿಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಪ್ಪನ ಹಣೆ ಬೆವೆತಿತ್ತು. ಆ ಮನೆಯವರು ಕೊನೆಗೆ ವ್ಯಾಪಾರಿಯನ್ನು ಕ್ಷಮಿಸಿದರೇ ಎಂದು ಮೆಲ್ಲಗೆ ಕೇಳಿದ.

“ಅದಿರಲಿ ಅಡಿವೆಪ್ಪ, ನೀನು ಎಷ್ಟು ಬಗೆಯ ಬಂಪರ್ ಮಾಡಿಸಿದ್ದೀಯೆ?” ಎಂದರು ಗುರುಗಳು.

“ಎರಡು, ಅಪ್ಪಾವರೇ” ಎಂದು ಅಡಿವೆಪ್ಪ ಎದ್ದು ಅಂಗಡಿಯ ಕಡೆಗೆ ನಡೆದ.