ಆರಿಸಲು ಹಚ್ಚಿದ ದೀಪ

ಪೂಜ್ಯ ಅಂಬವ್ವ ತಾಯಿಯವರು ಘಟಪ್ರಭೆಯ ದಂಡೆಯಲ್ಲಿ, ಕೆಲಸ ನಿಂತ ಒಂದು ಸುಣ್ಣದ ಭಟ್ಟಿಯ ಮಗ್ಗುಲಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಆಸ್ತಿ ಎನ್ನಲು ಒಂದು ಕಂಬಳಿ, ಒಂದು ಗಡಿಗೆ. ಮೂರನೆಯದನ್ನು ಯಾರಾದರೂ ತಂದುಕೊಟ್ಟರೆ ಸಂಜೆಯೊಳಗೆ ಅದು ಬೇರೆಯವರ ಮನೆ ಸೇರಿರುತ್ತಿತ್ತು. ಸುತ್ತಲಿನ ಊರುಗಳ ಬಗೆಹರಿಯದ ವ್ಯಾಜ್ಯಗಳನ್ನು ಅವರ ಸನ್ನಿಧಿಯಲ್ಲಿ ದೀಪದ ಆಣೆಯಿಂದ ಮುಗಿಸುವ ರೂಢಿಯಿತ್ತು. ಆಣೆ ಮಾಡುವವನು ತನ್ನ ಮನೆಯ ಎಣ್ಣೆಯಿಂದ ದೀಪ ಹಚ್ಚಿ, ಮಾತು ಹೇಳಿ, ಕೈಯಾರೆ ಅದನ್ನು ಆರಿಸಬೇಕು. ಮಾತು ಸುಳ್ಳಾದರೆ ಅವನ ಮನೆತನವೂ ಹಾಗೆಯೇ ಆರಿಹೋಗುತ್ತದೆಂದು ಜನ ನಂಬಿದ್ದರು. ತಾಯಿಯವರಿಗೆ ಈ ರೂಢಿ ಹಿಡಿಸುತ್ತಿರಲಿಲ್ಲ. ಆದರೆ ಬಂದವರನ್ನು ಎಂದೂ ಹಿಂದಕ್ಕೆ ಕಳಿಸಿದವರಲ್ಲ.

ಒಂದು ಸಂಜೆ ಗಾಣಿಗರ ಅಡಿವೆಪ್ಪ ಬಂದ. ಜೊತೆಗೆ ಪಂಚರು, ಅವರ ಹಿಂದೆ ತಮ್ಮ ಗುರಸಿದ್ದ. ತಂದೆ ತೀರಿಕೊಂಡಿದ್ದ, ಗಾಣ, ಮನೆ, ಎತ್ತು ಪಾಲಾಗಬೇಕಿತ್ತು. ಗುರಸಿದ್ದ ಎರಡನೆಯ ಹೆಂಡತಿಯ ಮಗ. ಗಂಡ ಸತ್ತಿದ್ದ ಆಕೆಯನ್ನು ಅಪ್ಪ ಪರವೂರಿನಲ್ಲಿ ದುಡಿಯುತ್ತಿದ್ದಾಗ ಉಡಿಕೆಯ ಮದುವೆ ಮಾಡಿಕೊಂಡಿದ್ದ. ಬರುವಾಗಲೇ ಆಕೆ ಬಸಿರಿದ್ದಳು, ಇವನು ನಮ್ಮಪ್ಪನ ಮಗನೇ ಅಲ್ಲ ಎಂದು ಅಡಿವೆಪ್ಪ ಪಂಚರ ಮುಂದೆ ಹೇಳಿಬಿಟ್ಟಿದ್ದ. ಅದನ್ನೇ ದೀಪದ ಮುಂದೆ ಹೇಳಿದರೆ ತಮ್ಮನಿಗೆ ಒಂದು ಹಿಡಿ ಹಿಂಡಿಯೂ ದಕ್ಕುತ್ತಿರಲಿಲ್ಲ.

ಅದು ಹಸಿ ಸುಳ್ಳು. ಆಕೆಯೂ ತೀರಿಹೋಗಿದ್ದಳು, ಬಲ್ಲವನು ಈಗ ಆ ದಿನಗಳಲ್ಲಿ ಅಪ್ಪನ ಜೊತೆಗಿದ್ದ ಅಡಿವೆಪ್ಪ ಒಬ್ಬನೇ. ಮನೆತನ ಆರಿಹೋದೀತೆಂಬ ಭಯ ಮನೆಯಿಂದ ಹೊರಟಾಗಿನಿಂದ ಅವನನ್ನು ಬಿಟ್ಟಿರಲಿಲ್ಲ. ತೊಟ್ಟಿಲಲ್ಲಿ ತನ್ನ ಕೂಸು ಕೆಮ್ಮುತ್ತಿದ್ದುದು ಇನ್ನೂ ಕಿವಿಯಲ್ಲೇ ಇತ್ತು.

ಹಣತೆಗೆ ಅವನು ಹುಯ್ದದ್ದು ಬೆರಳು ತೋಯುವಷ್ಟೇ ಎಣ್ಣೆ. ಹೇಗೂ ಆರಿಸುವ ದೀಪವಲ್ಲವೇ? ಅಂಥ ಭಯದಲ್ಲೂ ಜಿಪುಣತನ ಬಿಡಲಿಲ್ಲ ನೋಡಿ. ಬತ್ತಿ ಹೊತ್ತಿತು. ಹಣತೆಯತ್ತ ಚಾಚಿದ ಅವನ ಕೈ ಗಡಗಡ ನಡುಗುತ್ತಿತ್ತು. ತಾಯಿಯವರು ಹತ್ತಿರ ಸರಿದು ಆ ಕೈಯನ್ನು ಹಿಡಿದುಕೊಂಡರು.

"ಹೆದರಬ್ಯಾಡೋ ಮಗನ. ಸುಳ್ಳಾದ್ರ ಅದರ ಫಲ ನಾ ಉಣ್ತೀನಿ. ನಿನ್ನ ಕೂಸಿಗೆ ಏನೂ ಆಗಂಗಿಲ್ಲ. ಈಗ ಹೇಳು."

ತಾಯಿಯವರ ಮಾತು ಹುಸಿಯಾದುದನ್ನು ಯಾರೂ ಕಂಡಿರಲಿಲ್ಲ. ಪಂಚರು ಬೆಚ್ಚಿಬಿದ್ದರು. ಅಡಿವೆಪ್ಪನಿಗೆ ಇನ್ನು ಅಡ್ಡಿಯೇ ಇರಲಿಲ್ಲ. ಕೂಸೂ ಉಳಿಯಿತು, ಗಾಣವೂ ಉಳಿಯಿತು. ಆದರೆ ಅವನ ಭಯ ಹೋಗಲಿಲ್ಲ, ಮೊದಲಿಗಿಂತ ಹೆಚ್ಚಾಯಿತು. ಇಷ್ಟು ಹೊತ್ತೂ ತನಗೇನಾದೀತೋ ಎಂದು ಹೆದರಿದ್ದವನು ಈಗ ತಾನೇನು ಮಾಡಹೊರಟಿದ್ದೇನೆಂದು ಕಂಡು ಹೆದರಿದ. ತನ್ನ ಕೈ ಹಿಡಿದಿದ್ದ ಆ ಮುಪ್ಪಿನ ಕೈ ಬೆಚ್ಚಗಿತ್ತು, ಎಳ್ಳಷ್ಟೂ ನಡುಗುತ್ತಿರಲಿಲ್ಲ.

"ಅಂವ ನಮ್ಮಪ್ಪನ ಮಗ," ಎಂದ. "ನಾ ಹೇಳಿದ್ದು ಸುಳ್ಳು."

ತಾಯಿಯವರು ಕೈ ಬಿಟ್ಟರು. ಹಣತೆಯತ್ತ ನೋಡಿ, "ಎಣ್ಣಿ ಬಾಳ ಕಡಿಮಿ ತಂದೀಯಲ್ಲೋ," ಎಂದಷ್ಟೇ ನುಡಿದರು.

ಬತ್ತಿ ಆಗಲೇ ಚಟಪಟ ಎನ್ನುತ್ತಿತ್ತು. ಅಡಿವೆಪ್ಪ ದಿಗ್ಗನೆ ಎದ್ದ. "ತಮ್ಮಾ, ನಾ ಬರೂತನಕ ದೀಪ ನೋಡ್ಕೋ," ಎಂದವನೇ ಕೂಗಳತೆಯಲ್ಲಿದ್ದ ಗಾಣದ ಕಡೆ ಓಡಿದ. ಗುರಸಿದ್ದನನ್ನು ಅವನು ತಮ್ಮಾ ಎಂದು ಕರೆದದ್ದು ಅದೇ ಮೊದಲು. ಆರಿಸಲೆಂದು ಬಂದವನು, ಆ ದೀಪ ಎಲ್ಲಿ ಆರಿಬಿಡುತ್ತದೋ ಎಂಬ ಭಯದಲ್ಲಿ ಎಡವುತ್ತ ಏಳುತ್ತ ಓಡುತ್ತಿದ್ದ.

ಮರಳಿ ಬಂದಾಗ ಗುರಸಿದ್ದ ಹೊಳೆಯ ಗಾಳಿಗೆ ಬೆನ್ನು ಕೊಟ್ಟು, ಎರಡೂ ಅಂಗೈಗಳಿಂದ ಆ ಕುಡಿಯನ್ನು ಕಾಯುತ್ತ ಕುಳಿತಿದ್ದ. ದೀಪ ಇನ್ನೂ ಉರಿಯುತ್ತಿತ್ತು. ಹಣತೆ ತುಂಬಿ ತಮ್ಮನ ಬೆರಳುಗಳ ಮೇಲೆ ಹರಿದರೂ ಅಡಿವೆಪ್ಪ ಎಣ್ಣೆ ಹುಯ್ಯುತ್ತಲೇ ಇದ್ದ.