ಅರಗು ತುಂಬಿದ ಗುಂಡಿನ ಸರ

"ಗುರುಗಳೇ, ನಿಜ ತಿಳಿದವನ ಮನಸ್ಸು ಹಗುರಾಗುತ್ತದೆ ಎಂದು ನೀವು ಹೇಳುತ್ತೀರಿ. ನನಗೆ ನಿಜ ತಿಳಿಯಿತು, ಮನಸ್ಸು ಭಾರವಾಯಿತು. ಹೀಗೇಕೆ?" ಎಂದು ಶಿಷ್ಯ ಕೇಳಿದ.

ಅವನು ಆ ದಿನ ಬೆಳಗ್ಗೆಯಷ್ಟೇ ತನ್ನ ಊರಿನಿಂದ ಮಠಕ್ಕೆ ಮರಳಿದ್ದ. ಯಾವ ನಿಜ ಎಂದು ಗುರುಗಳು ವಿಚಾರಿಸಿದರು. ತೀರಿಹೋದ ತಂದೆಯ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಕ್ಕಿತೆಂದು ಅವನು ಹೇಳಿದ. ತಂದೆ ತನ್ನ ತಮ್ಮನ ಪಾಲಿನ ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ ಕಾಗದ ಅದು. ಚಿಕ್ಕಪ್ಪನ ಸಹಿ ಇತ್ತು, ಸಾಕ್ಷಿಗಳ ಸಹಿ ಇತ್ತು. ತಾಲ್ಲೂಕು ಕಚೇರಿಯಲ್ಲೂ ನೋಡಿಸಿದ್ದಾಯಿತು. ಕಾಗದ ಸುಳ್ಳಾಗಿರಲಿಲ್ಲ.

"ಇಷ್ಟು ವರ್ಷ ತಂದೆಯನ್ನು ದೇವರಂತೆ ಕಂಡಿದ್ದೆ. ಈಗ ಅವರ ಪಟವನ್ನು ಗೋಡೆಯಿಂದ ಇಳಿಸಿ ಬಂದಿದ್ದೇನೆ" ಎಂದ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ದಾಕ್ಷಾಯಣಿ ಎಂಬ ಹೆಂಗಸು ಇದ್ದಳು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು, ಅಕ್ಷರ ಕಲಿಸುವುದು ಅವಳ ಕೆಲಸ. ಅವಳ ಮದುವೆಗೆ ಮೊದಲೇ ತಂದೆ ತೀರಿಹೋಗಿದ್ದ. ತಾಯಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ತಾಯಿ ಅವಳಿಗೆ ಬಿಟ್ಟುಹೋದ ಒಡವೆ ಒಂದೇ, ನಲವತ್ತು ಗುಂಡುಗಳ ಒಂದು ಸರ.

ಆ ಸರವೆಂದರೆ ಅವಳಿಗೆ ಅವ್ವನೇ. ಚಿಕ್ಕವಳಿದ್ದಾಗ ಪ್ರತಿ ಹಬ್ಬದ ಹಿಂದಿನ ದಿನ ಅದನ್ನು ತೊಳೆಯುವ ಕೆಲಸ ಅವಳದು. ಅಂಟುವಾಳದ ಕಾಯಿ ನೆನೆಹಾಕಿ, ನೊರೆ ಬರಿಸಿ, ಒಂದೊಂದೇ ಗುಂಡನ್ನು ಬೆರಳಲ್ಲಿ ಉಜ್ಜಿ, ಅಪ್ಪನ ಹಳೆಯ ಧೋತರದ ಚೂರಿನಲ್ಲಿ ಒರೆಸುತ್ತಿದ್ದಳು. ಅಷ್ಟು ಹೊತ್ತೂ ಅವ್ವ ಬರಿಗೊರಳಿನಲ್ಲಿ ಎದುರಿಗೆ ಕೂತಿರುತ್ತಿದ್ದಳು. ಸರವಿಲ್ಲದ ಅವ್ವ ಬೇರೆ ಯಾರೋ ಹೆಂಗಸಿನಂತೆ ಕಾಣುತ್ತಿದ್ದಳು. ಆದ್ದರಿಂದ ಹುಡುಗಿ ಬೇಗ ಬೇಗ ತೊಳೆದು, ತಾನೇ ಅವಳ ಕೊರಳಿಗೆ ಕಟ್ಟಿಬಿಡುತ್ತಿದ್ದಳು.

ಸರ ಮಾಡಿದವನು ಪತ್ತಾರ ಮೌನಪ್ಪ. ಅವನ ಅಂಗಡಿಯಲ್ಲಿ ಒಂದು ಚಾಪೆ, ಒಂದು ಅಗ್ಗಿಷ್ಟಿಕೆ, ಒಂದು ಊದುಗೊಳವೆ, ಇಷ್ಟೇ ಇದ್ದದ್ದು. ಹೋದವರು ಚಾಪೆಯ ಮೇಲೆ ಕೂತು ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದರು. ಅವನು ತಲೆ ಎತ್ತದೆ ಕೊಳವೆ ಊದುತ್ತ ಕೇಳುತ್ತಿದ್ದ. ಯಾರ ಕಿವಿಗೆ ಯಾವ ಓಲೆ ಕೂರುತ್ತದೆ, ಯಾರ ಮೈಗೆ ತಾಮ್ರ ಆಗಿಬರುವುದಿಲ್ಲ ಎಂಬುದನ್ನು ಅವನಿಗೆ ಹೇಳಬೇಕಾಗಿರಲಿಲ್ಲ. ದಾಕ್ಷಾಯಣಿಯ ಕಿವಿ ಚುಚ್ಚಿದವನೂ ಅವನೇ. ಚುಚ್ಚಿದ ಮೇಲೆ ಅವಳ ಅಂಗೈಗೆ ಬೆಲ್ಲದ ಚೂರು ಇಟ್ಟಿದ್ದ. ಕಣ್ಣು ಮಂಜಾದ ಮೇಲೆ ಅವನು ಅಂಗಡಿ ಮುಚ್ಚಿದ. ಅದಕ್ಕೆ ಮೊದಲೇ ಊರಿನ ಮುಕ್ಕಾಲು ಮಂದಿ ಅವನಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು. ಬಸ್ ನಿಲ್ದಾಣದ ಎದುರಿಗೆ ದೊಡ್ಡ ಕಂಪನಿಯ ಆಭರಣ ಮಳಿಗೆ ಬಂದಿತ್ತು. ಆ ಕಂಪನಿಗೆ ಹತ್ತು ಊರುಗಳಲ್ಲಿ ಹತ್ತು ಮಳಿಗೆಗಳಿದ್ದವು. ಎಲ್ಲವೂ ಒಂದೇ ಥರ.

ಒಂದು ದಿನ ದಾಕ್ಷಾಯಣಿಯ ಸರದ ಕೊಂಡಿ ಸವೆದು ಬಿಚ್ಚಿಕೊಂಡಿತು. ಹೊಸ ಕೊಂಡಿ ಹಾಕಿಸಲು ಅವಳು ಆ ಮಳಿಗೆಗೆ ಹೋದಳು. ಬಾಗಿಲಲ್ಲಿ ಇಬ್ಬರು ಹುಡುಗಿಯರು ಕೈ ಮುಗಿದರು. ಒಬ್ಬ ಕುರ್ಚಿ ಎಳೆದುಕೊಟ್ಟ, ಇನ್ನೊಬ್ಬ ತಣ್ಣನೆಯ ಶರಬತ್ತು ತಂದಿಟ್ಟ. ತಮ್ಮಲ್ಲಿ ಕೊಳ್ಳದ ಒಡವೆಯನ್ನು ರಿಪೇರಿ ಮಾಡುವ ಪದ್ಧತಿ ಇಲ್ಲವೆಂದೂ, ಬೇಕಾದರೆ ಹಳೆಯದನ್ನು ಕೊಟ್ಟು ಹೊಸದು ಒಯ್ಯಬಹುದೆಂದೂ ಗಲ್ಲೆಯ ಮೇಲಿದ್ದ ಯುವಕ ಹೇಳಿದ. ಕೊಡುವ ಮನಸ್ಸು ಅವಳಿಗಿರಲಿಲ್ಲ. ಪರೀಕ್ಷೆ ಮಾಡಿ ನೋಡುವುದರಲ್ಲಿ ತಪ್ಪೇನಿದೆ ಎಂದು ಅವನು ಒತ್ತಾಯಿಸಿದ. ಅವಳು ಹೂಂ ಎಂದಳು.

ಯಂತ್ರದಲ್ಲಿ ಸರ ಇಟ್ಟು ನೋಡಿದ ಯುವಕನ ಮುಖ ಬದಲಾಯಿತು. ಅವಳನ್ನು ಕೇಳಿ ಒಂದು ಗುಂಡನ್ನು ಕತ್ತರಿಸಿದ. ಮೇಲೆ ತೆಳ್ಳನೆಯ ಚಿನ್ನದ ತಗಡು, ಒಳಗೆ ಕಪ್ಪು ಅರಗು. ಅರಗಿನ ನಡುವೆ ಭಾರಕ್ಕೆಂದು ಸೀಸದ ಚೂರು. ಅಕ್ಕಪಕ್ಕದ ಗಿರಾಕಿಗಳು ಕತ್ತು ಚಾಚಿ ನೋಡಿದರು.

ಯುವಕ ಮೆಲ್ಲಗೆ, "ಅಮ್ಮಾ, ನಿಮ್ಮ ತಾಯಿಗೆ ಯಾರೋ ಮೋಸ ಮಾಡಿದ್ದಾರೆ" ಎಂದ.

ಅವ್ವ ಜೀವಮಾನವಿಡೀ ಅರಗು ಹೊತ್ತುಕೊಂಡು ತಿರುಗಿದಳಲ್ಲ ಎಂದು ದಾಕ್ಷಾಯಣಿಗೆ ಸಂಕಟವಾಯಿತು. ಗಟ್ಟಿ ಚಿನ್ನವೆಂದು ನೆಂಟರ ಮುಂದೆ ಹೇಳಿಕೊಂಡವಳು ಅವ್ವ. ತಾನೂ ಹಾಗೆಯೇ ಹೇಳಿಕೊಂಡಿದ್ದಳು. ಮೌನಪ್ಪನ ಚಾಪೆ, ಬೆಲ್ಲದ ಚೂರು ಎಲ್ಲವೂ ಒಮ್ಮೆಗೇ ಹೊಲಸೆನಿಸಿತು. ಆ ಸರವನ್ನು ಮತ್ತೆ ಕೈಯಲ್ಲಿ ಹಿಡಿಯಲು ಅವಳಿಗೆ ಆಗಲಿಲ್ಲ. ಅಲ್ಲಿಯೇ ಬಿಟ್ಟುಕೊಟ್ಟು, ಅದರ ಬದಲಿಗೆ ಬಂದ ಸಣ್ಣ ಎಳೆಯ ಹೊಸ ಸರ ಹಾಕಿಕೊಂಡು ಮನೆಗೆ ಬಂದಳು.

ಮೂರನೆಯ ತಿಂಗಳಿಗೆ ಹೊಸ ಸರದ ಕೊಂಡಿಯ ಪಕ್ಕದ ಎಳೆ ತುಂಡಾಯಿತು. ಮಳಿಗೆಗೆ ಹೋದಳು. ಅಂದಿನ ಯುವಕ ಇರಲಿಲ್ಲ, ಬೇರೆ ಊರಿನ ಮಳಿಗೆಗೆ ಕಳಿಸಿದ್ದರು. ಇದ್ದವನು ಅವಳ ಮುಖ ನೋಡದೆ ಫೋನ್ ನಂಬರು ಕೇಳಿದ. ಸರವನ್ನು ಕಾರ್ಖಾನೆಗೆ ಕಳಿಸಬೇಕು, ಹದಿನೈದು ದಿನ ಬೇಕು ಎಂದ. ಒಂದೂವರೆ ತಿಂಗಳಾಯಿತು. ಬಂದ ಸರದ ಬೆಸುಗೆ ಒರಟಾಗಿತ್ತು, ಸೀರೆಯ ಸೆರಗಿನ ನೂಲನ್ನೆಲ್ಲ ಕಿತ್ತಿತು. ಮತ್ತೆ ಹೋದಳು. ಈ ಸಲ ಮತ್ತೊಬ್ಬ ಇದ್ದ. ಈ ನಮೂನೆ ಈಗ ಬರುವುದು ನಿಂತಿದೆ, ಇದನ್ನು ಕೊಟ್ಟು ಬೇರೆ ತೆಗೆದುಕೊಳ್ಳಿ ಎಂದ. ಶರಬತ್ತು ಮಾತ್ರ ಪ್ರತಿ ಸಲವೂ ಬಂತು. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಸಲವೂ ಮೊದಲಿನಿಂದ ಕತೆ ಹೇಳಬೇಕಾಗಿತ್ತು.

ಮೂರನೆಯ ಸಲ ಹೊರಗೆ ಬಂದಾಗ ಅವಳಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕಾಲು ತಾನಾಗಿ ಪತ್ತಾರ ಓಣಿಯ ಕಡೆ ತಿರುಗಿತು. ಜಗಳವಾಡಬೇಕು ಎಂದುಕೊಂಡಳು. ಅಲ್ಲಿ ಹೆಸರು ಹಿಡಿದು ಕರೆಯುವವನು ಒಬ್ಬನಿದ್ದಾನೆ ಎಂಬ ಆಸೆಯೂ ಆ ಸಿಟ್ಟಿನ ಒಳಗೇ ಇತ್ತು.

ಮೌನಪ್ಪ ಮನೆಯ ಪಡಸಾಲೆಯಲ್ಲಿ ಕೂತಿದ್ದ. ಕಣ್ಣು ಪೂರಾ ಹೋಗಿತ್ತು. ಅವಳು, "ಕಾಕಾ" ಎಂದದ್ದೇ ತಡ, "ದಾಕ್ಷಾಯಣಿ ಏನವ್ವಾ? ಬಾ, ಕೂಡು. ನಿಮ್ಮವ್ವ ಹೋದಳೆಂದು ಕೇಳಿದೆ. ಬರಲು ಆಗಲಿಲ್ಲ" ಎಂದ.

ಅವಳು ಕೂರಲಿಲ್ಲ. ಕೊಂಡಿ ಹಾಕಿಸಲು ಹೋದಾಗ ಕಂಡದ್ದನ್ನು ನಿಂತೇ ಹೇಳಿದಳು. ಅರಗು, ಸೀಸ, ಕತ್ತು ಚಾಚಿದ ಗಿರಾಕಿಗಳು. ಸರವನ್ನು ಅಲ್ಲೇ ಬಿಟ್ಟುಕೊಟ್ಟದ್ದನ್ನು ಮಾತ್ರ ಹೇಳಲಿಲ್ಲ. "ನಿಮ್ಮನ್ನು ನಂಬಿದ್ದೆವಲ್ಲ ಕಾಕಾ" ಎಂದಳು.

ಮುದುಕ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಆಮೇಲೆ, "ಹೇಳುವುದಿಲ್ಲ ಎಂದು ನಿಮ್ಮವ್ವನಿಗೆ ಮಾತು ಕೊಟ್ಟಿದ್ದೆ. ಈಗ ಅವಳೇ ಇಲ್ಲ, ನೀನು ಹೀಗೆ ನಿಂತಿದ್ದೀ" ಎಂದು ಶುರು ಮಾಡಿದ.

"ಮೊದಲು ಅವು ಗಟ್ಟಿ ಚಿನ್ನದ ಗುಂಡುಗಳೇ ಆಗಿದ್ದವು, ತಂಗಿ. ಮಗಳಿಗೆ ನಾಲ್ಕು ಬಳೆ ಹಾಕಿ ಕಳಿಸುತ್ತೇನೆ ಎಂದು ನಿಮ್ಮಪ್ಪ ಬೀಗರಿಗೆ ಮಾತು ಕೊಟ್ಟಿದ್ದ. ಮಾಡಿಸುವುದರೊಳಗೆ ಹೋಗಿಬಿಟ್ಟ. ನಿಮ್ಮವ್ವ ಒಂದು ಮಧ್ಯಾಹ್ನ ಸರ ಬಿಚ್ಚಿಕೊಂಡು ಬಂದಳು. ಇದರ ಚಿನ್ನ ತೆಗೆದು ಬಳೆ ಮಾಡು, ಅಪ್ಪ ಮೊದಲೇ ಮಾಡಿಸಿಟ್ಟಿದ್ದ ಎಂದು ಮಗಳಿಗೆ ಹೇಳುತ್ತೇನೆ ಎಂದಳು. ತಗಡು ತೆಳ್ಳಗೆ ಬಡಿದು ಒಳಗೆ ಅರಗು ತುಂಬಿದೆ. ಕೈಯಲ್ಲಿ ಹಿಡಿದು ನೋಡಿ, ಹಗುರಾಯಿತು, ತೊಳೆಯುವಾಗ ದಾಕ್ಷಾಯಣಿಗೆ ಗೊತ್ತಾಗುತ್ತದೆ ಎಂದು ವಾಪಸು ಕೊಟ್ಟಳು. ಹಾಗಾಗಿ ಸೀಸ ಹಾಕಿದೆ. ಎರಡು ಸಲ ಬಿಚ್ಚಿ ಎರಡು ಸಲ ತುಂಬಿದೆ."

ದಾಕ್ಷಾಯಣಿ ತನ್ನ ಕೈ ನೋಡಿಕೊಂಡಳು. ಮದುವೆಯ ದಿನದಿಂದ ಆ ನಾಲ್ಕು ಬಳೆ ಅವಳ ಕೈಯಲ್ಲೇ ಇದ್ದವು. ಅಪ್ಪ ಕೊಟ್ಟದ್ದು ಎಂದು ಹಬ್ಬ ಹಬ್ಬಕ್ಕೆ ಅಪ್ಪನ ಪಟದ ಮುಂದೆ ಇಟ್ಟು ನಮಸ್ಕಾರ ಮಾಡುತ್ತಿದ್ದಳು. ಅವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಸರ ತಾ, ತಂಗಿ. ನನ್ನಿಂದ ಆಗುವುದಿಲ್ಲ, ಆ ಕೊಂಡಿ ಹಾಕುವವರು ಯಾರೆಂದು ಹೇಳುತ್ತೇನೆ" ಎಂದ ಮುದುಕ.

ಅವಳು ನಿಂತಲ್ಲಿಂದಲೇ ತಿರುಗಿ, ಹೆಚ್ಚುಕಡಿಮೆ ಓಡುತ್ತಲೇ ಮಳಿಗೆಗೆ ಹೋದಳು. ಹೊಸ ಸರವನ್ನು ಗಲ್ಲೆಯ ಮೇಲಿಟ್ಟು, ಇದನ್ನು ಇಟ್ಟುಕೊಳ್ಳಿ, ನನ್ನ ಗುಂಡಿನ ಸರ ಕೊಡಿ ಎಂದಳು. ಅಲ್ಲಿದ್ದವನು ಒಳ್ಳೆಯವನು. ಅವಳನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಹುಡುಕಿದ.

"ಅದು ಆ ವಾರವೇ ಕರಗಿಸಲು ಹೋಗಿದೆ, ಮೇಡಂ. ಎಲ್ಲ ಊರಿನ ಹಳೆಯ ಚಿನ್ನವೂ ಒಂದೇ ಕಡೆ ಕರಗುತ್ತದೆ. ಯಾವುದರಲ್ಲಿ ಸೇರಿತು ಎಂದು ಯಾರಿಗೂ ಹೇಳಲು ಬರುವುದಿಲ್ಲ" ಎಂದ.

ಎದುರಿಗೆ ಗಾಜಿನ ಹಿಂದೆ ಸಾಲು ಸಾಲಾಗಿ ಸರಗಳು ತೂಗುತ್ತಿದ್ದವು. ಅವುಗಳಲ್ಲಿ ಯಾವುದೋ ಒಂದರಲ್ಲಿ ಅವ್ವನ ಚಿನ್ನದ ಒಂದು ಎಳೆ ಇರಬಹುದು, ಇಲ್ಲದೆಯೂ ಇರಬಹುದು. ಅವಳು ಒಂದೊಂದನ್ನೂ ನೋಡುತ್ತ ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲಿ ಕೂತಿದ್ದಳು. ಯಾರೂ ಅವಳನ್ನು ಏಳಿ ಎನ್ನಲಿಲ್ಲ.

ಆಮೇಲೆ ಅವಳು ವಾರಕ್ಕೊಮ್ಮೆ ಮೌನಪ್ಪನ ಮನೆಗೆ ಹೋಗತೊಡಗಿದಳು. ಮಾಡಿಸುವ ಒಡವೆ ಏನೂ ಇರಲಿಲ್ಲ. ಆ ಮಧ್ಯಾಹ್ನ ಅವ್ವ ಎಲ್ಲಿ ಕೂತಿದ್ದಳು, ಯಾವ ಸೀರೆ ಉಟ್ಟಿದ್ದಳು, ಸರ ಬಿಚ್ಚುವಾಗ ಅತ್ತಳೇ ಎಂದು ಕೇಳುತ್ತಿದ್ದಳು. ಅವನು ನೆನಪಾದಷ್ಟು ಹೇಳುತ್ತಿದ್ದ. ಅಳಲಿಲ್ಲ, ಬಳೆ ಕೈಗೆ ದೊಡ್ಡದಾಗಬಾರದು ಎಂದು ನಿನ್ನ ಹಳೆಯ ಗಾಜಿನ ಬಳೆಯೊಂದನ್ನು ಅಳತೆಗೆ ತಂದಿದ್ದಳು ಎಂದು ಒಂದು ದಿನ ಹೇಳಿದ. ಅವಳಿಗೆ ಗೊತ್ತಿಲ್ಲದ ಅವ್ವ ಹೀಗೆ ಚೂರು ಚೂರಾಗಿ ಸಿಗುತ್ತಿದ್ದಳು. ಕೇಳುವುದು ಇನ್ನೂ ಬೇಕಾದಷ್ಟು ಉಳಿದಿತ್ತು. ಆ ಶ್ರಾವಣದಲ್ಲಿ ಮೌನಪ್ಪನೂ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಹಾಗಾದರೆ ಆ ಯಂತ್ರ ತೋರಿಸಿದ್ದು ಸುಳ್ಳೇ?" ಎಂದು ಕೇಳಿದ.

"ಸುಳ್ಳಲ್ಲ. ಒಳಗೆ ಅರಗೂ ಇತ್ತು, ಸೀಸವೂ ಇತ್ತು" ಎಂದರು ಗುರುಗಳು.

ಇನ್ನೇನನ್ನೋ ಕೇಳಲು ಶಿಷ್ಯ ಬಾಯಿ ತೆರೆದ. ಅವನು ಕೇಳುವುದಕ್ಕೆ ಮೊದಲೇ ಗುರುಗಳು ಕೇಳಿದರು:

"ನಿನ್ನ ಚಿಕ್ಕಪ್ಪ ಇನ್ನೂ ಇದ್ದಾರೆಯೇ?"